ಮೀನಿಗೊಂದು ಕೌದಿ

ಕರೆಂಟ್ ಹೋದಾಗ ಹೇಗಿರಬೇಕು ಎನ್ನುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ತಾಯಿಯ ಹಾಲಿನ ಜೊತೆಗೇ ಬಂದದ್ದು. ಕರೆಂಟ್ ಹೋಯಿತೋ, ಮೊದಲು ಮಾಡಬೇಕಾದದ್ದು ಮೇಣದಬತ್ತಿ ಹುಡುಕುವುದಲ್ಲ, ಹೊರಗೆ ಬಂದು ಪಕ್ಕದ ಮನೆ ನೋಡುವುದು. ಅವರದೂ ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ನಮ್ಮದೊಂದೇ ಹೋಗಿದ್ದರೆ ಫ್ಯೂಸು, ಲೈನ್‌ಮನ್, ತಲೆನೋವು. ಓಣಿಯವರದೆಲ್ಲ ಹೋಗಿದ್ದರೆ ಅದು ಸರ್ಕಾರದ ಜವಾಬ್ದಾರಿ. ನಾವು ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸಿ ತಿನ್ನಬಹುದು. ಅದು ಮರಳಿ ಬಂದಾಗ ಓಣಿಗೆ ಓಣಿಯೇ ‘ಬಂತೋ!’ ಎಂದು ಕೂಗುತ್ತಿತ್ತು. ಪರೀಕ್ಷೆಯ ಹಿಂದಿನ ದಿನವಾದರೆ ನಾವು ಹುಡುಗರು ಮಾತ್ರ ಸ್ವಲ್ಪ ಮೆತ್ತಗೆ ಕೂಗುತ್ತಿದ್ದೆವು.

ಇಷ್ಟು ದೊಡ್ಡ ವಿದ್ಯೆ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಬಂದರೆ ಇಲ್ಲಿ ಕರೆಂಟೇ ಹೋಗುವುದಿಲ್ಲ. ಮೊದಲು ಸಿಡ್ನಿಯಲ್ಲಿದ್ದೆ. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕೆಲಸ. ಅಲ್ಲಿ ಒಮ್ಮೆ ಮಾತ್ರ ಬೆಳಗ್ಗೆ ನಮ್ಮ ಫ್ಲ್ಯಾಟಿನ ಕರೆಂಟ್ ಹೋಗಿ, ಉಪವಾಸ ಆಫೀಸಿಗೆ ಹೋದೆ. ಯಾಕಪ್ಪಾ ಮುಖ ಬಾಡಿದೆ ಎಂದು ಪಕ್ಕದ ಮೇಜಿನವನು ಕೇಳಿದ. ಮನೆಯಲ್ಲಿ ಕರೆಂಟ್ ಇರಲಿಲ್ಲ, ತಿಂಡಿ ಆಗಲಿಲ್ಲ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಬಹಳ ಮರುಗಿದ. ಮರುದಿನ ನನ್ನ ಮೇಜಿನ ಮೇಲೆ ಒಂದು ದೊಡ್ಡ ಪೊಟ್ಟಣ ಒಣದ್ರಾಕ್ಷಿ. ಈ ಜನ ಅದಕ್ಕೆ ‘ಪವರ್’ ಎನ್ನುತ್ತಾರೆ, ‘ಕರೆಂಟ್’ ಎಂದರೆ ಇವರ ಕಿವಿಗೆ ಸಣ್ಣ ಕಪ್ಪು ಒಣದ್ರಾಕ್ಷಿ ಎಂದು ತಿಳಿಯುವ ಹೊತ್ತಿಗೆ ನಾನು ಅರ್ಧ ಪೊಟ್ಟಣ ಮುಗಿಸಿದ್ದೆ. ಉಳಿದರ್ಧದಲ್ಲಿ ಸುಮಾ ಶಿರಾ ಮಾಡಿದಳು.

ಸುಮಾ ನನ್ನ ಹೆಂಡತಿ, ಧಾರವಾಡದವಳು. ಆಮೇಲೆ ನಾವು ಮೆಲ್ಬೋರ್ನಿಗೆ ಬಂದು, ಪಾಯಿಂಟ್ ಕುಕ್‌ನಲ್ಲಿ ಮಾರ್ಟ್‌ಗೇಜ್ ಎಂಬ ಹೆಸರಿನ ಸಾಲದ ಮನೆ ಕಟ್ಟಿಸಿಕೊಂಡೆವು. ಮಗಳು ಅನುಗೆ ಎಂಟು ತುಂಬಿದಾಗ ಮೀನು ಬೇಕೆಂದಳು. ಅದೂ ಸಾದಾ ಮೀನಲ್ಲ, ಬಿಳಿ ಪಟ್ಟೆಯ ಕಿತ್ತಳೆ ಮೀನು. ಅದಕ್ಕೆ ಸಮುದ್ರದ ನೀರೇ ಆಗಬೇಕು. ಸಮುದ್ರ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ, ಆದರೆ ಅದರ ನೀರು ನಡೆಯುವುದಿಲ್ಲವಂತೆ. ಅಂಗಡಿಯಿಂದ ಬೇರೆ ಉಪ್ಪು ತಂದು, ಅಳೆದು, ಕದಡಿ, ಬೆಚ್ಚಗೆ ಮಾಡಿ, ಪಂಪ್ ಹಚ್ಚಿ, ಹಗಲೂ ರಾತ್ರಿ ಆರೈಕೆ ಮಾಡಬೇಕು. ಹೆರಿಗೆಗೆ ಬಂದ ಮಗಳನ್ನೂ ನಮ್ಮ ಕಡೆ ಹೀಗೆ ನೋಡಿಕೊಳ್ಳುವುದಿಲ್ಲ. ತಂದ ಎರಡು ಮೀನಿಗೂ ಅನು ಇಂಗ್ಲಿಷ್ ಹೆಸರಿಟ್ಟಳು. ಸುಮಾ ತನ್ನ ಪಾಡಿಗೆ ದೊಡ್ಡವ್ವ, ಸಣ್ಣವ್ವ ಎಂದು ಕರೆದಳು. ನಾವೋ ಮೊಟ್ಟೆಯನ್ನೂ ಮುಟ್ಟದ ಪೈಕಿ. ಫೋನಿನಲ್ಲಿ ಅವ್ವನಿಗೆ ಈ ಉಪ್ಪುನೀರಿನ ಕಥೆ ಹೇಳಿದರೆ, ಆಕೆ, “ತಿನ್ನೂದಿಲ್ಲ ಅಂದಮ್ಯಾಲೆ ಮೀನಿಗೆ ಉಪ್ಪ್ಯಾಕ ಹಾಕ್ತಿಯೋ?” ಎಂದಳು.

ಹೀಗಿರಲು ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ಗಾಳಿ ಎದ್ದಿತು. ಪಾಯಿಂಟ್ ಕುಕ್ ಆಗಿನ್ನೂ ಹೊಸ ಸಬರ್ಬ್. ಗಾಳಿಗೆ ಅಡ್ಡ ನಿಲ್ಲಲು ಒಂದು ಮರವಿರಲಿಲ್ಲ. ನಾಲ್ಕು ಗಂಟೆಗೆ ದೀಪ ಆರಿತು. ನನಗೆ, ಸುಳ್ಳೇಕೆ ಹೇಳಲಿ, ಹಳೆಯ ಗೆಳೆಯ ಬಾಗಿಲು ಬಡಿದಂತಾಯಿತು. ತಕ್ಷಣ ಹೊರಗೆ ಹೋಗಿ ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದೆ. ಅಲ್ಲಿರುವವರು ಕೀತ್ ಎಂಬ ರಿಟೈರಾದ ಮುದುಕರು. ಅವರೇ ಬಾಗಿಲು ತೆರೆದು ಏನಾದರೂ ಸಹಾಯ ಬೇಕಿತ್ತೇ ಎಂದರು. ಏನಿಲ್ಲ, ನಿಮ್ಮದೂ ಹೋಗಿದೆಯೋ ನೋಡಲು ಬಂದೆ ಎಂದೆ. ಹೌದು, ಹೋಗಿದೆ ಎಂದರು. ‘ಗುಡ್, ಗುಡ್’ ಎಂದು ಖುಷಿಯಿಂದ ವಾಪಸು ಬಂದೆ. ಅವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು.

ಒಳಗೆ ಬಂದು ಎಲ್ಲರದೂ ಹೋಗಿದೆ, ಚಿಂತೆಯಿಲ್ಲ ಎಂದು ಘೋಷಿಸಿ, ಸೋಫಾದಲ್ಲಿ ಕಾಲು ಚಾಚಿ ಶೇಂಗಾ ಇದೆಯೇ ಎಂದು ಕೇಳಿದೆ. ಸುಮಾ ಮೀನಿನ ತೊಟ್ಟಿಯ ಮುಂದೆ ನಿಂತಿದ್ದಳು. “ಅವರದೂ ಹೋದ್ರ ಮೀನಿಗೆ ಸಮಾಧಾನ ಆಗ್ತದೇನ್ರೀ?” ಎಂದಳು. ಆಗ ನನಗೆ ಹೊಳೆಯಿತು. ಪಂಪ್ ನಿಂತಿದೆ, ಅಂದರೆ ನೀರಿನಲ್ಲಿ ಗಾಳಿಯಿಲ್ಲ. ಹೀಟರ್ ಆರಿದೆ, ಅಂದರೆ ಬೆಚ್ಚಗಿನ ಕಡಲಿನ ಮೀನು ಮೆಲ್ಬೋರ್ನಿನ ಚಳಿಗೆ ಬಿದ್ದಿದೆ. ವಿದ್ಯುತ್ ಕಂಪನಿಗೆ ಫೋನ್ ಮಾಡಿ, ಈ ಸಲ ನೆನಪಿನಿಂದ ಪವರ್ ಎಂದೇ ಹೇಳಿದೆ. ತಂತಿ ಹರಿದಿದೆ, ಯಾವಾಗ ಬರುವುದೋ ಹೇಳಲಾಗದು ಎಂದರು. ದೊಡ್ಡವ್ವ ಆಗಲೇ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಅನು ಗಾಜಿಗೆ ಮೂಗೊತ್ತಿ, “ಡ್ಯಾಡ್, ಆರ್ ದೇ ಗೋಯಿಂಗ್ ಟು ಡೈ?” ಎಂದಳು. ಇಲ್ಲ ಎಂದೆ. ಅಂದಮೇಲೆ ಅದನ್ನು ನಿಜ ಮಾಡುವ ಹೊಣೆ ನನ್ನ ಕುತ್ತಿಗೆಗೆ ಬಿತ್ತು.

ಸುಮಾ ಒಳಗಿನಿಂದ ಕೌದಿ ತಂದಳು. ಅವ್ವ ತನ್ನ ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ವಿಮಾನದಲ್ಲಿ ಸೂಟ್‌ಕೇಸಿನ ಅರ್ಧ ಜಾಗ ಅದೇ ನುಂಗಿತ್ತು, ಬಂದಮೇಲೆ ಮಂಚದ ಕೆಳಗೆ ಬಿದ್ದಿತ್ತು. ಅದನ್ನು ತೊಟ್ಟಿಗೆ ಸುತ್ತಿ, ನೋಡಲಿಕ್ಕೆ ಒಂದು ಮೂಲೆ ಮಾತ್ರ ಬಿಟ್ಟೆವು. ಪುಣ್ಯಕ್ಕೆ ಒಲೆ ಗ್ಯಾಸಿನದು. ಕಡ್ಡಿ ಗೀರಿ ನೀರು ಕಾಯಿಸಿ, ಬಾಟಲಿಗಳಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಟ್ಟಳು. ಇನ್ನು ಗಾಳಿ? ಅದಕ್ಕೂ ಅವಳೇ ದಾರಿ ತೋರಿಸಿದಳು. ಹಾಲು ಆರಿಸಿದ ಹಾಗೆ ಮಾಡಿರಿ ಎಂದಳು. ತಂಬಿಗೆ ಮುಳುಗಿಸಿ, ಎತ್ತರಕ್ಕೆ ಎತ್ತಿ, ನೊರೆ ಬರುವಂತೆ ಹೊಯ್ಯುವುದು. ಚಿಕ್ಕಂದಿನಲ್ಲಿ ಅವ್ವ ನನಗೆ ಹಾಲು ಆರಿಸಿ ಕೊಡುತ್ತಿದ್ದದ್ದು ಹೀಗೆಯೇ. ಈಗ ಅದೇ ಕೈಚಳಕ ಉಪ್ಪುನೀರಿನಲ್ಲಿ. ಕಾರ್ಪೆಟ್ಟಿನ ಗತಿ ಕೇಳಬೇಡಿ.

ನಾನು, ಅನು ಸರದಿಯ ಮೇಲೆ ಹೊಯ್ದೆವು. ಕತ್ತಲಾಯಿತು, ದೇವರ ಮುಂದೆ ಉರಿಯುವ ಎಣ್ಣೆದೀಪದ ಸಮೆ ತಂದು ಪಕ್ಕದಲ್ಲಿಟ್ಟೆವು. ಅನು ಕೌದಿಯ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಇದೇನು, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಈ ಹಸಿರು ನಿನ್ನ ಸೋದರತ್ತೆಯ ಮದುವೆಯಲ್ಲಿ ಅಜ್ಜಿ ಉಟ್ಟದ್ದು, ಈ ನೀಲಿ ನನ್ನನ್ನು ಮೊದಲ ದಿನ ಶಾಲೆಗೆ ಬಿಡಲು ಬಂದಾಗ ಉಟ್ಟದ್ದು, ಇದರ ಸೆರಗು ಹಿಡಿದುಕೊಂಡು ನಾನು ಅತ್ತಿದ್ದೆ ಎಂದೆ. ಹೇಳುತ್ತ ಹೇಳುತ್ತ ನನಗೆ ಅವ್ವನ ನೆನಪು ಒತ್ತರಿಸಿ ಬಂತು. ಓಣಿಯ ಕಟ್ಟೆಯ ಕಥೆ, ಕತ್ತಲಿನ ಕಣ್ಣಾಮುಚ್ಚಾಲೆಯ ಕಥೆ, ಎಲ್ಲ ಹೇಳಿದೆ. ಕರೆಂಟ್ ಬಂದ ಕೂಡಲೇ ‘ಬಂತೋ’ ಎಂದು ಜೋರಾಗಿ ಕೂಗಬೇಕು, ಇಲ್ಲದಿದ್ದರೆ ಅದಕ್ಕೆ ಬೇಜಾರಾಗಿ ಮತ್ತೆ ಹೋಗಿಬಿಡುತ್ತದೆ ಎಂದೂ ಒಂದು ಸೇರಿಸಿದೆ. ಕಥೆಗೆ ಸ್ವಲ್ಪ ಒಗ್ಗರಣೆ ಬೇಕಲ್ಲ.

ಊಟದ ಹೊತ್ತು ಮೀರಿತ್ತು, ನನ್ನ ರಟ್ಟೆ ಸೋತಿತ್ತು. ಸಣ್ಣವ್ವ ತಳದಲ್ಲಿ ಒಂದು ಮಗ್ಗುಲಿಗೆ ವಾಲಿತ್ತು. ಸುಮಾ ಅದನ್ನು ನೋಡಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಫ್ರಿಜ್ ಗುರ್ರ್ ಎಂದಿತು, ದೀಪ ಹತ್ತಿತು. ಅನು ತಂಬಿಗೆ ಎಸೆದು, ಸೋಫಾ ಹತ್ತಿ, “ಬಂತೋ! ಬಂತೋ!” ಎಂದು ಮನೆ ಹಾರಿಹೋಗುವಂತೆ ಕೂಗಿದಳು. ಅವಳಿಗದು ಆಟವಲ್ಲ, ಮೀನಿನ ಜೀವದ ಪ್ರಶ್ನೆ. ನಾವೂ ದನಿ ಸೇರಿಸಿದೆವು. ಪಂಪ್ ಗುಳುಗುಳು ಎಂದಿತು. ಓಡಿ ಬಂದ ಕೀತ್, ಯಾರಿಗೇನಾಯಿತು ಎಂದು ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದರು. “ನಥಿಂಗ್,” ಎಂದಳು ಅನು, “ಕರೆಂಟ್ ಬಂತು.” ಅವರು ದ್ರಾಕ್ಷಿ ಎಂದುಕೊಂಡರೋ ಏನೋ, ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ಸಣ್ಣವ್ವ ನೆಟ್ಟಗಾಗಿ, ಏನೂ ಆಗೇ ಇಲ್ಲವೆಂಬಂತೆ ಅಡ್ಡಾಡತೊಡಗಿತು.

ಮರುದಿನದಿಂದ ಅನುವಿನ ಬಾಯಲ್ಲಿ ಮತ್ತೆ ಇಂಗ್ಲಿಷ್. ನಾನು ಬ್ಯಾಟರಿಯ ಮೇಲೆ ನಡೆಯುವ ಒಂದು ಪಂಪ್ ತಂದಿಟ್ಟೆ. ಮೀನಿಗೆ ಇನ್ನು ಭಯವಿಲ್ಲ ಎಂದು ಸುಮಾ ಹೊಗಳಿದಳು. ಅದನ್ನು ತಂದದ್ದು ಮೀನಿಗಾಗಿಯಷ್ಟೇ ಅಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ಶನಿವಾರ ಸಂಜೆ ಬ್ಯಾಟರಿ ಪಂಪ್ ಹಚ್ಚಿಟ್ಟು, ಮೆಲ್ಲಗೆ ಹೊರಗೆ ಹೋಗಿ ಮೇನ್ ಸ್ವಿಚ್ ಆರಿಸಿ ಬಂದೆ. ಸಮೆ ಹಚ್ಚಿದೆ, ಕೌದಿ ಹಾಸಿದೆ, ಶೇಂಗಾ ಸುರಿದುಕೊಂಡು ಮಗಳು ಬಂದು ಕಥೆ ಕೇಳಲಿ ಎಂದು ಕಾದು ಕೂತೆ. ಅನು ತನ್ನ ಕೋಣೆಯಿಂದ ಬಂದಳು. ನನ್ನನ್ನೊಮ್ಮೆ ನೋಡಿ, ಸೀದಾ ಬಾಗಿಲು ತೆರೆದು ಹೊರಗೆ ಹೋಗಿ, ಪಕ್ಕದ ಮನೆ ನೋಡಿಕೊಂಡು ಬಂದಳು.

“ಅಪ್ಪಾ, ಅವರದು ಹೋಗಿಲ್ಲ,” ಎಂದಳು, ಅಚ್ಚ ಹುಬ್ಬಳ್ಳಿ ರಾಗದಲ್ಲಿ. “ನಮ್ಮದೊಂದೇ ಹೋಗೇದ.”

ನಾನು ಎದ್ದು ಹೋಗಿ ಸ್ವಿಚ್ ಹಾಕಿದೆ. ಯಾರೂ ‘ಬಂತೋ’ ಎನ್ನಲಿಲ್ಲ.