ರದ್ದಾದ ಕಣಿವೆಯನ್ನು ಐದು ನಿಮಿಷದ ಮಟ್ಟಿಗೆ ಮರಳಿ ಮಂಜೂರು ಮಾಡುವ ಕುರಿತು

ಹಳೆಯ ಹೆದ್ದಾರಿಗಳ ವಿಹಾರ ವಿಭಾಗದ ಮುಖ್ಯಸ್ಥರೂ, ಸವೆದ ದಾರಿಗಳಿಗೆಲ್ಲ ತಂದೆಯ ಸ್ಥಾನದಲ್ಲಿರುವವರೂ ಆದ ಮಾನ್ಯರೇ,

ಮೊದಲಿಗೆ, ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ರಿಯಲಿ ಸಾರಿ. ತಮ್ಮ ಸಮಯ ಅಮೂಲ್ಯವಾದದ್ದೆಂದು ನನಗೆ ಗೊತ್ತು. ತಮ್ಮ ಕಚೇರಿಯ ಫೋನನ್ನು ಹನ್ನೊಂದು ಸಲ ಯಾರೂ ಎತ್ತದಿದ್ದುದೇ ಅದನ್ನು ಮನದಟ್ಟು ಮಾಡಿಸಿದೆ. ನಾನು ಕಾಲೇಜಿನ ಮೊದಲ ವರ್ಷದವಳು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದದ್ದರಿಂದ, ಇದುವರೆಗೆ ಕನ್ನಡದಲ್ಲಿ ಬರೆದ ಪತ್ರಗಳೆಲ್ಲ ವಾರ್ಡನ್‌ಗೆ ರಜೆ ಕೇಳಿದವೇ. ಅಭ್ಯಾಸಬಲದಿಂದ ನಡುವೆ ಎಲ್ಲಾದರೂ ಹೊಟ್ಟೆನೋವು ನುಸುಳಿದರೆ ದಯವಿಟ್ಟು ಮನ್ನಿಸಬೇಕು.

ವಿಷಯ ನನ್ನ ತಾತನದು. ತಾತ ಮೂವತ್ತೊಂದು ವರ್ಷ ಹಳೆಯ ಹೆದ್ದಾರಿಯಲ್ಲಿ ಬಸ್ಸು ಓಡಿಸಿದವರು. ಅರವತ್ತೊಂದನೇ ಕಿಲೋಮೀಟರಿನಲ್ಲಿ, ಏರು ಮುಗಿಯುವ ಕಡೆ, ಇಂಜಿನ್ ಕಾದು ಹೊಗೆಯಾಡುತ್ತಿದ್ದುದರಿಂದ ಅಲ್ಲಿ ಐದು ನಿಮಿಷದ ಅಧಿಕೃತ ಸ್ಟಾಪ್ ಇತ್ತು. ಪ್ರಯಾಣಿಕರೆಲ್ಲ ಇಳಿದು ಕಣಿವೆ ನೋಡಿ ಬರುತ್ತಿದ್ದರು. ತಾತ ಮಾತ್ರ ಬಾನೆಟ್ ಎತ್ತಿ, ಅದರೊಳಗೆ ತಲೆ ತೂರಿಸಿ ನೀರು ಹುಯ್ಯುತ್ತಿದ್ದರು. "ಎಲ್ಲರೂ ಆಹಾ ಆಹಾ ಅಂತ ಹತ್ತೋರು ಪುಟ್ಟಿ, ನಂಗೆ ಕಂಡಿದ್ದು ರೇಡಿಯೇಟರ್ ಒಂದೇ" ಎನ್ನುತ್ತಾರೆ. ಅವರ ಲೈಸೆನ್ಸು ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ. ಇನ್ನೊಂದು ಸಲ ಸಹಿ ಹಾಕುವುದಿಲ್ಲವೆಂದು ಕಣ್ಣಿನ ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಾರೆ. ಅಷ್ಟರೊಳಗೆ ತಾವೇ ಗಾಡಿ ಓಡಿಸಿಕೊಂಡು ಹೋಗಿ ಒಂದು ಸಲ ಆ ಕಣಿವೆ ನೋಡಬೇಕೆಂಬುದು ತಾತನ ಆಸೆ. "ನಾನೇ ಕರ್ಕೊಂಡು ಹೋಗ್ತೀನಿ, ಪಕ್ಕದಲ್ಲಿ ಕೂತ್ಕೊಳ್ಳಿ" ಎಂದು ಅಪ್ಪ ಹೇಳಿ ನೋಡಿದರು. "ಆ ದಾರೀಲಿ ಪಕ್ಕದ ಸೀಟಲ್ಲಿ ಕೂತು ಅಭ್ಯಾಸ ಇಲ್ಲ, ಈಗ್ಯಾಕೆ ಕಲೀಲಿ?" ಎಂದರು ತಾತ.

ಆಗ, ಓದಿದವಳು ಎಂಬ ಒಂದೇ ತಪ್ಪಿಗಾಗಿ, ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ತಮ್ಮ ವಿಭಾಗವೇ ಹೊರತಂದ ರಮಣೀಯ ಪಯಣದ ಕೈಪಿಡಿಯನ್ನು ಮೂರು ಸಲ ಓದಿ, ಅಡಿಗೆರೆ ಎಳೆದು, ಟೈಮ್‌ಟೇಬಲ್ ಬರೆದೆ: ಹತ್ತೂಕಾಲರಿಂದ ಹತ್ತು ಇಪ್ಪತ್ತೈದು ನಿಸರ್ಗ ಸೌಂದರ್ಯ, ಆಮೇಲೆ ಐದು ನಿಮಿಷ ನೀರು ಕುಡಿಯುವುದು, ಹತ್ತೂವರೆಗೆ ಹಳೆಯ ಸೇತುವೆ ಮತ್ತು ಆಶ್ಚರ್ಯ. ತಾತ ಕನ್ನಡಕ ಏರಿಸಿ ಪೂರ್ತಿ ಓದಿದರು. "ಎಲ್ಲಾ ಸರಿ, ದಾರಿ ತಪ್ಪೋಕೆ ಎಷ್ಟು ಹೊತ್ತು ಇಟ್ಟಿದ್ದೀಯ?" ಎಂದು ಕೇಳಿದರು. ಇಪ್ಪತ್ತು ನಿಮಿಷ ಸೇರಿಸಿದೆ.

ಪರೀಕ್ಷೆಯ ಹಿಂದಿನ ದಿನವೇ ಹಾಲ್ ನೋಡಿಕೊಂಡು ಬರುವವಳು ನಾನು. ಹಾಗಾಗಿ ಗೆಳತಿಯ ಸ್ಕೂಟರಿನಲ್ಲಿ ಒಮ್ಮೆ ಹೋಗಿ ಬಂದೆ. ಆ್ಯಕ್ಚುಲಿ, ಅರವತ್ತು ಕಿಲೋಮೀಟರ್ ಎಲ್ಲವೂ ಕೈಪಿಡಿಯಲ್ಲಿದ್ದಂತೆಯೇ ಇತ್ತು. ಅರವತ್ತೊಂದರಲ್ಲಿ, ರಸ್ತೆಗೆ ಅಡ್ಡಲಾಗಿ, ಒಂದು ಮನೆ ಇತ್ತು. ಮನೆ ಬಟ್ಟೆ ಹೊಲಿಯುವ ಆಂಟಿಯದು. ಹೊಲಿಗೆ ಯಂತ್ರ ನಿಂತಿರುವುದು ಹೆದ್ದಾರಿಯ ನಟ್ಟನಡುವೆ. ಕಿಲೋಮೀಟರ್ ಕಲ್ಲು ಅಡುಗೆಮನೆಯಲ್ಲಿದ್ದು, ಅದರ ಮೇಲೆ ನೀರಿನ ಪಾತ್ರೆ ಕೂತಿದೆ. "ಹದಿನೆಂಟು ವರ್ಷದಿಂದ ಇಲ್ಲೇ ಹೊಲೀತಿದ್ದೀನಮ್ಮ, ಒಬ್ಬರೂ ಹಾರ್ನ್ ಹೊಡೆದಿಲ್ಲ" ಎಂದರು ಆಂಟಿ. ಕೈಪಿಡಿ ವರ್ಣಿಸಿದ ಕಣಿವೆ ಪಾತ್ರೆ ತೊಳೆಯುವ ಜಾಗದ ಕಿಟಕಿಯಿಂದ ಪೂರ್ತಿ ಕಾಣುತ್ತದೆ.

ವಿನಯದಿಂದ ತಮ್ಮ ಕಚೇರಿಗೆ ದೂರು ಬರೆದುಕೊಂಡೆ. ಹನ್ನೆರಡನೇ ಸಲಕ್ಕೆ ಫೋನ್ ಎತ್ತಿದ ತಮ್ಮ ಗುಮಾಸ್ತರು, "ನಮ್ಮ ನಕ್ಷೇಲಿ ಮನೆ ಇಲ್ಲ, ಅಂದ್ಮೇಲೆ ಅಲ್ಲಿ ಮನೆ ಇಲ್ಲ" ಎಂದರು. ನಾನು ಆ ಮನೆಯೊಳಗೆ ಕೂತು ಚಹಾ ಕುಡಿದಿದ್ದೇನೆ ಎಂದಾಗ, "ಹಾಗಾದ್ರೆ ನೀವು ನಡುರಸ್ತೇಲಿ ಕೂತು ಚಹಾ ಕುಡಿದಿದ್ದೀರಿ, ಅದು ತಪ್ಪಲ್ವಾ?" ಎಂದು ತಿದ್ದಿದರು. ತಪ್ಪೊಪ್ಪಿಕೊಂಡೆ. ವಾರದೊಳಗೆ ತಮ್ಮ ಮೊಹರಿನ ಪತ್ರವೂ ಬಂತು: ದೂರನ್ನು ಪರಿಹರಿಸಲಾಗಿದೆ, ಅರವತ್ತೊಂದನೇ ಕಿಲೋಮೀಟರಿನ ಕಣಿವೆಯ ನೋಟವನ್ನು ರದ್ದುಪಡಿಸಲಾಗಿದೆ, ಅಲ್ಲಿ ವಾಹನ ನಿಲ್ಲಿಸುವಂತಿಲ್ಲ.

ಮಾನ್ಯರೇ, ನಾನು ಬೆರಗಾದೆ. ಬೇರೆ ಯಾರೇ ಆಗಿದ್ದರೂ ರಸ್ತೆಯನ್ನೋ ಮನೆಯನ್ನೋ ಅತ್ತಿತ್ತ ಸರಿಸಲು ಹೋಗಿ ಧೂಳೆಬ್ಬಿಸುತ್ತಿದ್ದರು. ತಾವು ಕೂತಲ್ಲಿಂದಲೇ, ಒಂದು ಹಾಳೆಯಲ್ಲಿ, ಮೂರು ಗುಡ್ಡ, ಒಂದು ಹೊಳೆ ಮತ್ತು ಅದರ ದಡದಲ್ಲಿ ಮೇಯುತ್ತಿದ್ದ ಕುರಿಗಳನ್ನು, ಒಂದು ಕಲ್ಲೂ ಉರುಳದ ಹಾಗೆ, ತೆಗೆದುಹಾಕಿದಿರಿ. ಕುರಿಗಳಿಗೆ ಮುಂಚಿತವಾಗಿ ನೋಟಿಸ್ ಕೊಟ್ಟಿರುತ್ತೀರಿ ಎಂದು ನಂಬಿದ್ದೇನೆ.

ಆದರೆ ತಾತ ಆ ಪತ್ರವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಾರಿನ ಕೀಲಿಯನ್ನು ಮತ್ತೆ ಮೊಳೆಗೆ ತಗುಲಿಹಾಕಿದರು. "ಸ್ಟಾಪ್ ಇಲ್ಲದ ಕಡೆ ಗಾಡಿ ನಿಲ್ಲಿಸಿದವನಲ್ಲ ನಾನು." ಅದು ಬರೀ ಒಂದು ಕಾಗದ ತಾತ ಎಂದೆ. "ಟೈಮಿಂಗ್ ಶೀಟೂ ಕಾಗದಾನೇ ಪುಟ್ಟಿ. ಅದನ್ನ ನೋಡ್ಕೊಂಡೇ ಅಷ್ಟು ಜನರನ್ನ ಮನೆ ಮುಟ್ಟಿಸಿದ್ದು" ಎಂದರು. ಇದಕ್ಕೆ ಉತ್ತರಿಸುವ ಅಧಿಕಾರ ನನ್ನ ಹತ್ತಿರ ಇಲ್ಲ. ತಮ್ಮ ಹತ್ತಿರ ಇರಬಹುದು.

ಆದಕಾರಣ ತಾವು ದಯಮಾಡಿ ಇಪ್ಪತ್ತೆಂಟನೇ ತಾರೀಖು ಭಾನುವಾರ ಬೆಳಗ್ಗೆ ಹನ್ನೊಂದು ಹತ್ತರಿಂದ ಹನ್ನೊಂದೂಕಾಲರವರೆಗೆ ಕಣಿವೆಯನ್ನು ಜಾರಿಗೆ ತರಬೇಕು. ಹನ್ನೊಂದು ಹದಿನಾರಕ್ಕೆ ಮತ್ತೆ ರದ್ದು ಮಾಡಿಕೊಂಡರೆ ನಮ್ಮ ತಕರಾರಿಲ್ಲ. ಪೂರ್ತಿ ಕಣಿವೆ ಹೊರೆಯಾದರೆ ಹೊಳೆ ಇರುವ ಅರ್ಧ ಸಾಕು. ಅದೂ ಕಷ್ಟವೆಂದರೆ ಆಂಟಿಯ ಅಡುಗೆಮನೆಯನ್ನೇ ಬಸ್ ಸ್ಟಾಪ್ ಎಂದು ಘೋಷಿಸಿ, ಒಲೆಗೂ ಹೊಲಿಗೆ ಯಂತ್ರಕ್ಕೂ ನಡುವೆ ಒಂದು ಸಿಗ್ನಲ್ ದೀಪ ಹಾಕಿಸಬಹುದು. ಬಿಸಿ ಪಾತ್ರೆ ಹಿಡಿದು ಬರುವವರಿಗೆ ವಾಹನಗಳು ದಾರಿ ಬಿಡಬೇಕು ಎಂಬುದೊಂದೇ ಆಂಟಿಯ ಷರತ್ತು. ಇದ್ಯಾವುದೂ ಆಗದಿದ್ದರೆ ಮೂವತ್ತನೇ ತಾರೀಖನ್ನೇ ಒಂದು ವರ್ಷ ಮುಂದೂಡಿ. ಗುಡ್ಡಗಳನ್ನೇ ತೆಗೆದವರಿಗೆ ತಾರೀಖು ಯಾವ ಲೆಕ್ಕ?

ತಮ್ಮ ವಿಶ್ವಾಸಿ
(ಸದರಿ ವಿಶ್ವಾಸವು ಲೈಸೆನ್ಸಿನಂತೆಯೇ ಈ ತಿಂಗಳ ಮೂವತ್ತರವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ),
ಬಸ್ ಡ್ರೈವರರ ಮೊಮ್ಮಗಳು

ಮರೆತ ಮಾತು: ಕಣಿವೆ ರದ್ದಾಗಿದೆ, ನಾವು ಬರುವುದು ಅನುಮಾನ ಎಂದು ನಿನ್ನೆ ಆಂಟಿಗೆ ಫೋನಿನಲ್ಲಿ ತಿಳಿಸಿದೆ. "ಒಂದ್ನಿಮಿಷ ಇರು" ಎಂದರು. ಯಂತ್ರ ನಿಂತಿತು, ಹೆಜ್ಜೆ ಸದ್ದು ಅಡುಗೆಮನೆಯತ್ತ ಹೋಗಿ ವಾಪಸ್ಸು ಬಂತು. "ಇನ್ನೂ ಇದೆಯಲ್ಲಮ್ಮ" ಎಂದರು. ತಮ್ಮ ಆದೇಶ ಅಲ್ಲಿಗೆ ತಲುಪಿಲ್ಲವೆಂದು ಕಾಣುತ್ತದೆ. ಇದನ್ನು ತಾತನಿಗೆ ಹೇಳಿದೆ. "ಹೊಳೇಲಿ ನೀರಿದೆಯಂತಾ?" ಎಂದಷ್ಟೇ ಕೇಳಿದರು. ಕೀಲಿ ಇನ್ನೂ ಮೊಳೆಯಲ್ಲೇ ಇದೆ. 'ನಿಲ್ಲಿಸಬಹುದು' ಎಂದು ಒಂದು ಪದ ಬರೆದು ಮೊಹರು ಹಾಕಿದರೆ ಸಾಕು. ಇಪ್ಪತ್ತೇಳರೊಳಗೆ ದಯವಿಟ್ಟು ಉತ್ತರ ಕೊಡಿ.