ಕರೆಂಟ್ ಬಂದರೆ ಮಾಯವಾಗುವ ಮಾಂತ್ರಿಕ

ನಮ್ಮ ಕಾಕಾನಷ್ಟು ಪುಕ್ಕಲು ಮಾಂತ್ರಿಕ ಮೂರು ಲೋಕದಲ್ಲೂ ಸಿಗಲಿಕ್ಕಿಲ್ಲ! ಈ ಲೋಕದ ಮಟ್ಟಿಗೆ ಅವರು ಬನಹಟ್ಟಿಯಲ್ಲಿ ಸೀರೆ ನೇಯುತ್ತಾರೆ. ಕರೆಂಟ್ ಹೋಗಿ ಮಗ್ಗ ನಿಂತಿತೋ, ನನ್ನ ತಂಗಿ ಆಟಕ್ಕೆಂದು ನೆಲದ ಮೇಲೆ ದಾಳ, ಹಾಳೆ ಹರಡುತ್ತಾಳೆ. ಅವಳು ಕಥೆ ಹೇಳಬೇಕು, ನಾವು ಅದರೊಳಗೆ ಬದುಕಬೇಕು. ಗೆಲುವು ಸೋಲು ದಾಳದ ಕೈಯಲ್ಲಿ. ನಾನು ಕತ್ತಿ ಹಿಡಿದ ವೀರವನಿತೆ, ಕಾಕಾ ಮಾಂತ್ರಿಕ. ಯಾರ ಪಾತ್ರಕ್ಕೆ ಯಾವ ಶಕ್ತಿ, ಯಾವ ಮಂತ್ರ ಎಂಬುದೆಲ್ಲ ಅವರವರ ಹಾಳೆಯಲ್ಲಿ ಬರೆದಿರುತ್ತದೆ. ಕಥೆಯಲ್ಲಿ ಸತ್ತವರ ಹಾಳೆ ಹರಿಯಬೇಕು ಎಂಬುದು ತಂಗಿಯ ಕಾನೂನು. ನನ್ನ ವೀರವನಿತೆಯನ್ನು ನಾನು ವರ್ಷದಿಂದ ಮುದ್ದಾಗಿ ಸಾಕಿದ್ದೆ.

ಮೊದಲ ದಿನವೇ ಕುಳ್ಳ ರಾಕ್ಷಸರು ಮುತ್ತಿದರು. ಕಾಕಾ ಮಂತ್ರ ಹಾಕಿ ಅದೃಶ್ಯರಾದರು. ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಕಾಕು, ಚಹಾ ತಂದು, “ಕಾಣದವರಿಗೆ ಚಹಾ ಹೆಂಗ ಕೊಡ್ಲಿ?” ಎಂದರು. ಕಾಕಾ ತಕ್ಷಣ ಕಾಣಿಸಿಕೊಂಡರು. ರಾಕ್ಷಸರ ಕೈಗೂ ಸಿಕ್ಕರು.

ಇನ್ನೊಮ್ಮೆ ಹಾರಿ ಪಾರಾದರು.

“ಎಲ್ಲಿಗೆ ಹಾರಿದ್ರಿ?” ತಂಗಿ ಕೇಳಿದಳು.

“ಹಿಪ್ಪರಗಿ ಬ್ಯಾರೇಜಿಗೆ.”

“ಕಾಕಾ, ಇದು ಬ್ಯಾರೆ ಲೋಕರಿ.”

“ಲೋಕ ಯಾವುದರೆ ಇರ್ಲಿ, ಓಡೋ ದಾರಿ ಗುರ್ತ ಇರಬೇಕವಾ.”

ಆದರೆ ಅವರ ಮಹಾಮಂತ್ರವೆಂದರೆ ಕರೆಂಟು! ಬಲ್ಬು ಹೊತ್ತಿತೋ, ರಾಕ್ಷಸನ ಗದೆ ತಲೆಯ ಮೇಲಿದ್ದರೂ “ಕರೆಂಟ ಬಂತ, ನಾ ಹೊಂಟೆ” ಎಂದು ಮಗ್ಗಕ್ಕೆ ಓಡುತ್ತಿದ್ದರು. ಮಗ್ಗದ ಮುಂದೆ ನಿಂತವರನ್ನು ಯಾವ ರಾಕ್ಷಸ ತಾನೇ ಮುಟ್ಟಬಲ್ಲ? ಒಂದು ಮಂತ್ರವನ್ನು ಮಾತ್ರ ಅವರು ಬಳಸಿರಲೇ ಇಲ್ಲ. ಎಂಥ ಅಪಾಯದಿಂದಲೂ ಒಬ್ಬರನ್ನು, ಒಂದೇ ಸಲ, ಹೊರಗೆ ಸಾಗಿಸುವ ಮಂತ್ರವದು. ಕೇಳಿದರೆ “ಇರ್ಲಿ ಬಿಡು” ಎನ್ನುತ್ತಿದ್ದರು. ಕಂಜೂಸ್ ಎಂದು ನಾನೇ ಹಂಗಿಸಿದ್ದೆ.

ಮೊನ್ನೆ ಮಧ್ಯಾಹ್ನ ಬೆಂಕಿ ಉಗುಳುವ ಡ್ರ್ಯಾಗನ್ನೊಂದು ನಾವಿದ್ದ ಗವಿಯ ಬಾಯಿಗೇ ಬಂದು ಕೂತಿತು. ಗಾಯಗೊಂಡ ನನ್ನ ವೀರವನಿತೆಗೆ ಇನ್ನೊಂದೇ ಏಟು ಸಾಕಿತ್ತು. ಆಗಲೇ ಬಲ್ಬು ಹೊತ್ತಿತು. ಓಣಿಯ ಮಗ್ಗಗಳೆಲ್ಲ ಖಟಖಟ ಶುರುವಾದವು. ಇನ್ನೇನು ಕಾಕಾ ಓಡುತ್ತಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಕಾಕಾ ಏಳಲೇ ಇಲ್ಲ.

“ಆ ಮಂತ್ರ ಹಾಕೇನಿ. ಆಕಿನ್ನ ಹೊರಗ ಕಳಸು,” ಎಂದು ತಂಗಿಗೆ ಕೂಗಿ ಹೇಳಿದರು.

“ಮತ್ತ ನೀವು ಸಾಯ್ತೀರಲ್ರಿ, ಕಾಕಾ.”

“ಸಾಯ್ಲಿ ಬಿಡು. ಮುದುಕ ಅದಾನ ಅಂವಾ.”

ತಮ್ಮ ಹಾಳೆಯನ್ನು ತಾವೇ ಹರಿದಿಟ್ಟು ಮಗ್ಗಕ್ಕೆ ಹೋದರು. ನಾನು ಚೂರುಗಳನ್ನು ಜೋಡಿಸಿ ನೋಡಿದೆ. ಆ ಮಂತ್ರದ ಪಕ್ಕದಲ್ಲಿ, ಎಂದೋ ಪೆನ್ಸಿಲಿನಲ್ಲಿ ಬರೆದು ಮಾಸಿಹೋದ ಅಕ್ಷರಗಳಿದ್ದವು: “ಇದು ನಮ್ಮ ಹುಡುಗಿಗೆ.”

ನನಗೆ ಅಳು ಬಂತು. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.