ಕಿರ್ ಎನ್ನದ ಕೀಲು

ಊಟದ ಮೇಜಿನಲ್ಲಿ ನೆಟ್ಟಗೆ ಊಟ ಮಾಡಿ ಎಷ್ಟು ದಿನವಾಯಿತೋ ಎಂದು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹಾಡಿಕೊಳ್ಳುತ್ತಿದ್ದಾಳೆ. ಮಾತು ಸುಳ್ಳಲ್ಲ. ಆದರೆ ಆ ಮೇಜನ್ನು ನಾನು ಯಾರ ಸಲುವಾಗಿ ಆಕ್ರಮಿಸಿಕೊಂಡೆ ಅನ್ನುವುದನ್ನು ಮಾತ್ರ ನುಂಗಿಬಿಡುತ್ತಾಳೆ. ಆದ್ದರಿಂದ ನನ್ನ ವಾದವನ್ನು ನಿಮ್ಮ ಮುಂದೆ ಮಂಡಿಸುತ್ತಿದ್ದೇನೆ. ನೀವಾದರೂ ನ್ಯಾಯ ಹೇಳಿ.

ನನ್ನವಳು ಮನೆಯಲ್ಲೇ ಹೊಲಿಗೆ ತರಗತಿ ಶುರುಮಾಡಬೇಕೆಂದು ಎಷ್ಟೋ ಕಾಲದಿಂದ ಆಸೆಪಟ್ಟವಳು. ಅದಕ್ಕೆ ಬೇಕಾದದ್ದು ಒಂದು ಪುಸ್ತಕ. ಕಾಲರು, ತೋಳು, ನೆರಿಗೆ ಎಲ್ಲದರ ಕತ್ತರಿ ನಕ್ಷೆಗಳಿರುವ ಹಳೇ ಅಚ್ಚಿನ ಪುಸ್ತಕ. ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದ್ದ ಒಂದು ಪ್ರತಿ ಅವಳಿಗೆ ಹೊಲಿಗೆ ಕಲಿಸಿದ ಟೀಚರ್ ಹತ್ತಿರ. ಆಕೆ ಊರು ಬಿಟ್ಟು ತಮ್ಮ ಮಗಳ ಮನೆಗೆ ಹೊರಟಿದ್ದರು. ಹೋಗುವ ಮುಂಚೆ ಒಂದು ವಾರದ ಮಟ್ಟಿಗೆ ಪುಸ್ತಕವನ್ನು ಇವಳ ಕೈಗಿತ್ತು ಹೇಳಿದರು:

"ಭಾನುವಾರ ಸಂಜೆ ಐದಕ್ಕೆ ನಾನೇ ಬಂದು ತಗೊಂಡು ಹೋಗ್ತೀನಿ. ಅಷ್ಟರೊಳಗೆ ಏನು ಇಳಿಸ್ಕೋತೀಯೋ ಇಳಿಸ್ಕೋ. ಪೂರ್ತಿ ಅಗಲಿಸಿದ್ಯೋ, ಅದರ ಬೆನ್ನು ಮುರಿಯುತ್ತೆ. ಆಮೇಲೆ ನಿಂದೂ."

ನನ್ನ ಹೆಂಡತಿ ಈ ಭೂಮಿಯ ಮೇಲೆ ಯಾರಿಗೂ ಹೆದರುವವಳಲ್ಲ (ಸಾಕ್ಷಿ ನಾನೇ). ಆದರೆ ಆ ಟೀಚರ್ ಫೋನ್ ಮಾಡಿದರೆ ಇವತ್ತಿಗೂ ಎದ್ದು ನಿಂತು ಮಾತಾಡುತ್ತಾಳೆ.

ಮೊದಲು ಫೋನಿನಲ್ಲೇ ಫೋಟೊ ತೆಗೆದಳು. ಪುಸ್ತಕ ಅರ್ಧ ಮಾತ್ರ ತೆರೆಯುವುದರಿಂದ ಹಾಳೆ ಉಬ್ಬಿ, ಗೆರೆಗಳೆಲ್ಲ ಬಾಗಿ ಬಂದವು.

"ಈ ಕಾಲರ್ ಕತ್ತು ಸೊಟ್ಟ ಇರೋರಿಗೆ ಮಾತ್ರ ಸರಿಹೋಗುತ್ತೆ ರೀ," ಎಂದು ಅಳುಮೋರೆ ಮಾಡಿದಳು. "ಅಳತೆ ತಪ್ಪಿದ ನಕ್ಷೆ ಇಟ್ಕೊಂಡು ಯಾರಿಗೆ ಏನು ಕಲಿಸ್ಲಿ? ತರಗತಿ ಬೇಡವೇ ಬೇಡ, ಬಿಡಿ."

"ನಾನಿರೋವಾಗ ನಿಂಗ್ಯಾಕೆ ಚಿಂತೆ?" ಅಂದುಬಿಟ್ಟೆ.

ಗಂಡಂದಿರೇ, ಈ ವಾಕ್ಯವನ್ನು ಅಪ್ಪಿತಪ್ಪಿಯೂ ಆಡಬೇಡಿ.

ನಾನು ಇರುವುದು ಕನ್ನಡಕದ ಅಂಗಡಿಯಲ್ಲಿ. ಬೆಳಗಿಂದ ಸಂಜೆಯವರೆಗೆ ಕನ್ನಡಕದ ಕಡ್ಡಿಗಳ ಕೀಲು ಬಿಗಿ ಮಾಡುವುದೇ ಕೆಲಸ. ಕೀಲಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ (ಬೀದಿಯಲ್ಲಿ ಇರುವುದು ನಮ್ಮದೊಂದೇ ಅಂಗಡಿ, ಅದು ಬೇರೆ ಮಾತು). ಹೀಗಾಗಿ ನಾನು ಊಟದ ಮೇಜಿನ ಮೇಲೆ ಒಂದು ಪುಸ್ತಕ ಸ್ಕ್ಯಾನ್ ಯಂತ್ರದ ನಿರ್ಮಾಣಕ್ಕೆ ಕಂಕಣ ತೊಟ್ಟೆ. ಅರ್ಧ ತೆರೆದ ಪುಸ್ತಕ ಒರಗಿಕೊಳ್ಳಲು ಮರದ ತೊಟ್ಟಿಲು. ಮೇಲಿಂದ ಇಳಿದು ಎರಡೂ ಪುಟಗಳನ್ನು ಒತ್ತಿ ಸಮ ಮಾಡಲು ಎರಡು ಗಾಜು. ಗಾಜನ್ನು ಎತ್ತಿ ಇಳಿಸಲು ಎರಡು ಉದ್ದನೆಯ ಹಿಡಿಗಳು, ಅವುಗಳ ಬುಡದಲ್ಲಿ ಒಂದೊಂದು ಕೀಲು. ಪಕ್ಕದಿಂದ ಫೋಟೊ ಹೊಡೆಯಲು ನನ್ನದೊಂದು ಫೋನು, ಅವಳದೊಂದು.

ಎಲ್ಲ ಆಯಿತು, ಕೀಲು ಮಾತ್ರ ಕೈಕೊಟ್ಟಿತು. ಬೋಲ್ಟು ಬಿಗಿ ಮಾಡಿದರೆ ಕಿರ್ರ್ರ್ ಎಂದು ಕಿರುಚಿ, ಅರ್ಧದಲ್ಲಿ ಮುಷ್ಕರ ಹೂಡಿ, ಆಮೇಲೆ ಧಡ್ ಎಂದು ಬೀಳುತ್ತಿತ್ತು. ಸಡಿಲ ಮಾಡಿದರೆ ಗಾಜು ಕುಡಿದವನಂತೆ ಅತ್ತಿತ್ತ ತೂರಾಡುತ್ತಿತ್ತು. ಮೇಣ ಹಚ್ಚಿದೆ. ಮಗಳ ಸಹಾಯಕ್ಕೆಂದು ಬಂದಿದ್ದ ಅತ್ತೆಯ ಪೌಡರು ಸುರಿದೆ. ಕೀಲು ಘಮಘಮ ಎನ್ನುತ್ತಲೇ ಕಿರುಚಿತು.

"ಅಲ್ಲ ರೀ, ಪುಟ ಹರಿದ್ರೆ ಟೀಚರ್ ನನ್ನೇ ಹಿಡಿದು ಹೊಲಿದುಬಿಡ್ತಾರೆ!"

"ಘರ್ಷಣೆ ಕಣೇ, ಘರ್ಷಣೆ! ಅದನ್ನ ಬುಡಸಮೇತ ಕಿತ್ತು ಹಾಕ್ಬೇಕು."

"ಮನೇಲಿರೋದನ್ನೋ, ಯಂತ್ರದಲ್ಲಿರೋದನ್ನೋ?"

ಈ ನಡುವೆ ಅತ್ತೆ ಬೇರೆ. "ಅಳಿಯಂದ್ರೇ, ಈ ಕನ್ನಡಕದ ಕಡ್ಡಿ ಸಡಿಲ ಆಗಿದೆ. ಬಗ್ಗಿದ್ರೆ ಸಾಕು, ಜಾರಿ ಬೀಳುತ್ತೆ. ಒಂಚೂರು ಬಿಗಿ ಮಾಡ್ಕೊಡಿ."

"ನಾಳೆ ಅತ್ತೆ." ಮಹತ್ತರ ಸಂಶೋಧನೆಯಲ್ಲಿ ಮುಳುಗಿದವನ ಹತ್ತಿರ ಹೇಳುವ ಮಾತೇ ಅದು? ಮರುದಿನವೂ ಕೇಳಿದರು. ಮರುದಿನವೂ "ನಾಳೆ ಅತ್ತೆ" ಎಂದೆ. ಅವರು ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡೇ ಓಡಾಡತೊಡಗಿದರು.

ಕೊನೆಗೆ ಶನಿವಾರ ಜ್ಞಾನೋದಯವಾಯಿತು. ಬೇರಿಂಗ್! ಅಟ್ಟ ಹತ್ತಿ, ನಮ್ಮ ಮಗಳು ಸಣ್ಣವಳಿದ್ದಾಗ ಆಡುತ್ತಿದ್ದ ಗಾಲಿ ಬೂಟು ಹುಡುಕಿ ತೆಗೆದು, ಬೇರಿಂಗುಗಳನ್ನು ಕಿತ್ತು ಕೀಲಿನೊಳಗೆ ಕೂರಿಸಿದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಅಷ್ಟೂ ಹೊಯ್ದೆ (ಈಗ ಹೊಲಿಗೆ ಯಂತ್ರ ಕಿರ್ರ್ರ್ ಎನ್ನುತ್ತದೆ). ಆಹಾ! ಕಿರುಬೆರಳು ತಾಗಿಸಿದರೆ ಗಾಜು ಮೇಲೇಳುತ್ತಿತ್ತು. ಸದ್ದಿಲ್ಲ, ತಡೆಯಿಲ್ಲ, ತೂರಾಟವಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇರೆ ಯಾರೂ ಮುಂದೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಲೋಕಾರ್ಪಣೆ. ಪುಸ್ತಕ ತೊಟ್ಟಿಲಲ್ಲಿ ಮಲಗಿತು. ಹೆಂಡತಿ ಉಗುರು ಕಚ್ಚುತ್ತ ನಿಂತಳು.

"ಅದೆಲ್ಲ ಸರಿ, ಎತ್ತಿದ ಮೇಲೆ ಅಲ್ಲೇ ನಿಲ್ಲುತ್ತೇನ್ರೀ? ನಾನು ಪುಟ ತಿರುವಬೇಕಲ್ಲ."

"ಸಣ್ಣಪುಟ್ಟದಕ್ಕೆಲ್ಲ ತಲೆ ತಿನ್ಬೇಡ. ಮೊದ್ಲು ಕೀಲು ನೋಡು, ಕೀಲು! ಅತ್ತೆ, ನೀವೂ ಬನ್ನಿ."

ಗಾಜನ್ನು ಎತ್ತಿ ಹಿಡಿದೆ. ಅತ್ತೆ ಭಕ್ತಿಯಿಂದ ಎರಡೂ ಕೈ ಜೋಡಿಸಿ, ಕೀಲು ಎಲ್ಲಿದೆ ಎಂದು ಬಗ್ಗಿದರು. ಕನ್ನಡಕ ಮೂಗಿನಿಂದ ಜಾರಿ ತೊಟ್ಟಿಲೊಳಗೆ ಬಿತ್ತು. ಅದೇ ಹೊತ್ತಿಗೆ ನಾನು, ಕೀಲನ್ನು ತೋರಿಸುವ ಉತ್ಸಾಹದಲ್ಲಿ, ಹಿಡಿಯಿಂದ ಕೈ ತೆಗೆದೆ.

ಗಾಜು ಇಳಿಯಿತು. ಹಳೆಯ ಕೀಲಾಗಿದ್ದರೆ ಕಿರುಚಿ ಎಚ್ಚರಿಸಿ, ಅರ್ಧದಲ್ಲಾದರೂ ನಿಲ್ಲುತ್ತಿತ್ತು. ನನ್ನ ಘರ್ಷಣಾರಹಿತ ಕೀಲು ಒಂದು ಉಸಿರೂ ಬಿಡದೆ ಇಳಿದು, ಕಟಕ್ ಎಂದಿತು.

ಹೆಂಡತಿ ಗಾಜನ್ನೆತ್ತಿ ಮೊದಲು ಪುಸ್ತಕ ನೋಡಿದಳು. ಗೀರೂ ಬಿದ್ದಿರಲಿಲ್ಲ. ಏಟನ್ನೆಲ್ಲ ಕನ್ನಡಕವೇ ತಿಂದಿತ್ತು. ಆಮೇಲೆ ಅಮ್ಮನನ್ನು ನೋಡಿದಳು. ನನ್ನನ್ನು ನೋಡಲೇ ಇಲ್ಲ, ಅಲ್ಲೇ ಗೊತ್ತಾಯಿತು ಪರಿಸ್ಥಿತಿ ಎಲ್ಲಿಗೆ ಬಂದಿದೆ ಅಂತ.

ಅತ್ತೆ ಎರಡು ತುಂಡಾದ ಕನ್ನಡಕವನ್ನು ತಡವಿ ಎತ್ತಿಕೊಂಡರು. "ಬಂದ ದಿನದಿಂದ ಬಡ್ಕೋತಿದೀನಿ ಅಳಿಯಂದ್ರೇ. ಕೀಲು ಸಡಿಲ ಆದ್ರೆ ಮೂಗಿನ ಮೇಲೆ ನಿಲ್ಲಲ್ಲ ಅಂತ. ಕನ್ನಡಕಾನೇ ನಿಲ್ಲದಿದ್ರೆ ಈ ಗಾಜು ನಿಲ್ಲುತ್ತಾ?"

ನಾಲಿಗೆ ಕಚ್ಚಿಕೊಂಡೆ. "ಕೀಲಿಗೆ ಒಂಚೂರು ಬಿಗಿ ಇರ್ಬೇಕು ಸಾರ್, ಇಲ್ದಿದ್ರೆ ನಿಲ್ಲಲ್ಲ" ಎಂದು ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ ಉಪದೇಶ ಮಾಡುವವನು ಯಾರು? ನಾನೇ! ಮನೆಯಲ್ಲಿ ಒಂದು ವಾರ ಕೂತು, ಇದ್ದ ಬಿಗಿಯನ್ನೆಲ್ಲ ಎಣ್ಣೆ ಹೊಯ್ದು ತೊಳೆದವನು ಯಾರು? ಅವನೂ ನಾನೇ! ಥೂ ನನ್ನ ಬುದ್ಧಿಗಿಷ್ಟು!

"ಬಿಚ್ಚಿ ಬಿಗಿ ಮಾಡ್ತೀನಿ, ಒಂದೆರಡು ಗಂಟೆ ಕೊಡು," ಎಂದೆ.

"ಗಂಟೆ ಎಷ್ಟಾಯ್ತು ಗೊತ್ತೇನ್ರೀ? ಟೀಚರ್ ಬಂದುಬಿಡ್ತಾರೆ. ಬಿಚ್ಚೋದೂ ಬೇಡ, ಏನೂ ಬೇಡ. ಹಿಡ್ಕೊಳ್ಳಿ!"

ಹಿಡಿದುಕೊಂಡೆ. ನಾನು ಎತ್ತುವುದು, ಅವಳು ಪುಟ ತಿರುವುವುದು, ನಾನು ಇಳಿಸುವುದು, ಅವಳು ಫೋಟೊ ಹೊಡೆಯುವುದು. ಕಣ್ಣು ಮಂಜಾದ ಅತ್ತೆ ಕುರ್ಚಿಯಲ್ಲಿ ಕೂತು, ಏನೂ ಕಾಣದಿದ್ದರೂ "ಎತ್ತಿ! ಇಳಿಸಿ!" ಎಂದು ಅಪ್ಪಣೆ ಕೊಡುತ್ತಿದ್ದರು. ಮೂಗು ತುರಿಸಿತು. ತುರಿಸಿಕೊಳ್ಳುವ ಭಾಗ್ಯವಿರಲಿಲ್ಲ. ತೋಳು ಬಿದ್ದುಹೋಗುವಂತಾಯಿತು. ಆದರೆ ನಕ್ಷೆಗಳು ಮಾತ್ರ ಗೆರೆ ಎಳೆದಂತೆ ನೇರ ಬಂದವು. ಹೆಂಡತಿಯ ಮುಖ ಪುಟದಿಂದ ಪುಟಕ್ಕೆ ಅರಳುತ್ತ ಹೋಯಿತು, ಅದನ್ನು ನೋಡಿ ನನಗೂ ಖುಷಿಯಾಯಿತು.

ಕೊನೆಯ ಪುಟಕ್ಕೂ ಬಾಗಿಲ ಗಂಟೆಗೂ ಸರಿಹೋಯಿತು. ಟೀಚರ್ ಒಳಗೆ ಬಂದು ಪುಸ್ತಕದ ಬೆನ್ನು ಸವರಿ ನೋಡಿದರು, ಫೋನಿನಲ್ಲಿ ಕಾಲರ್ ನೋಡಿದರು, ಕೊನೆಗೆ ಹಿಡಿ ಹಿಡಿದು ಕಂಬದಂತೆ ನಿಂತಿದ್ದ ನನ್ನನ್ನು ನೋಡಿದರು.

"ಪರವಾಗಿಲ್ವೇ! ಇಷ್ಟು ಅಚ್ಚುಕಟ್ಟಾಗಿ ಇಳಿಸ್ತೀರಿ ಅಂದ್ರೆ ನಂದು ಇನ್ನೂ ಒಂದು ಪೆಟ್ಟಿಗೆ ಪುಸ್ತಕ ಇದೆ. ಹೊತ್ಕೊಂಡು ಹೋಗೋದು ಹೇಗೆ ಅಂತಿದ್ದೆ. ಇಲ್ಲೇ ಬಿಟ್ಟು ಹೋಗ್ಲಾ?"

"ಬಿಡಿ ಟೀಚರ್!" ಎಂದಳು ನನ್ನವಳು, ನನ್ನ ಕಡೆ ತಿರುಗಿಯೂ ನೋಡದೆ.

ಅವರು ಹೋದದ್ದೇ ತಡ, ಸ್ಪ್ಯಾನರ್ ಎತ್ತಿಕೊಂಡೆ. "ಈಗ ನಿಧಾನವಾಗಿ ಬಿಚ್ಚಿ ಬಿಗಿ ಮಾಡಿಬಿಡ್ತೀನಿ. ಗಾಜು ತಾನಾಗೇ ನಿಲ್ಲುತ್ತೆ. ಎರಡೇ ಗಂಟೆ."

ಅವಳು ಸ್ಪ್ಯಾನರನ್ನು ನನ್ನ ಕೈಯಿಂದ ಮೆತ್ತಗೆ ಬಿಡಿಸಿಕೊಂಡು, ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

"ಬೇಡ ರೀ, ಹೀಗೇ ಇರ್ಲಿ. ಬಿಗಿ ಮಾಡಿದ್ರೆ ಅದು ಮತ್ತೆ ಕಿರ್ ಅನ್ನುತ್ತೆ. ನೀವಾದ್ರೆ ಅನ್ನಲ್ಲ."

ಬಾಯಿ ತೆರೆದೆ. ಅತ್ತೆ ಕನ್ನಡಕದ ಎರಡು ತುಂಡುಗಳನ್ನೂ ನನ್ನ ಕಡೆ ಚಾಚಿದರು. ಬಾಯಿ ಮುಚ್ಚಿಕೊಂಡೆ.